ಒನ್ಸ್ ಮೋರ್ ಇಲ್ಲದ ಆಟ

2023ರ ಮಾರ್ಚ್ 3, ಶುಕ್ರವಾರ. ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಚಿಕ್ಕಪ್ಪನ ಊರು. ಅವತ್ತು ರಾತ್ರಿ ಅಲ್ಲಿ ಕುರುಕ್ಷೇತ್ರ ನಾಟಕ. ಚಿಕ್ಕಪ್ಪನದು ದುರ್ಯೋಧನನ ಪಾತ್ರ. ಒಂಬತ್ತು ಗಂಟೆ ದಾಟಿದರೂ ಪರದೆ ಎದ್ದಿರಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಆಗತಾನೆ ಶ್ರುತಿ ನೋಡಿಕೊಳ್ಳುತ್ತಿದ್ದರು. ನಾನು ಸ್ಟೇಜಿನ ಹಿಂದೆ, ಬಣ್ಣ ಹಚ್ಚುವ ಜಾಗದಲ್ಲಿ, ಒಂದು ಟ್ರಂಕಿನ ಮೇಲೆ ಕೂತು ಫೋನಿನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ನಾಕೌಟ್ ಪಂದ್ಯ ನೋಡುತ್ತಿದ್ದೆ. 90 ನಿಮಿಷ ಮುಗಿದು ಹೆಚ್ಚುವರಿ ಸಮಯ ಶುರುವಾಗಿತ್ತು, ಇಬ್ಬರದೂ ಸೊನ್ನೆ.

96ನೇ ನಿಮಿಷದಲ್ಲಿ ಬೆಂಗಳೂರಿಗೆ ಒಂದು ಫ್ರೀಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ಗೋಡೆ ನಿಲ್ಲಿಸುತ್ತಿದ್ದ. ಅಷ್ಟರಲ್ಲಿ ಸುನಿಲ್ ಚೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿಗೆ ಹಾಕಿಬಿಟ್ಟ. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೋವಿಚ್ ತನ್ನ ತಂಡವನ್ನು ಕೈಸನ್ನೆ ಮಾಡಿ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಅವರು ಮತ್ತೆ ಬರಲಿಲ್ಲ. ಒಂದಷ್ಟು ಹೊತ್ತು ಕಾದ ಮೇಲೆ ಬೆಂಗಳೂರು ಗೆದ್ದಿತೆಂದು ತೀರ್ಪಾಯಿತು.

ನಾನು ಕೂಗಿದ ಕೂಗಿಗೆ ಅರ್ಧ ಮೀಸೆ ಬರೆಸಿಕೊಂಡಿದ್ದ ಚಿಕ್ಕಪ್ಪ ತಿರುಗಿದರು. ‘ಏನ್ಲಾ ಅದು?’ ಎಂದರು. ವಿವರಿಸಿದೆ. ಸೀಟಿಗೆ ಕಾಯದೆ ಬೇಗ ಹೊಡೆಯುವುದಕ್ಕೆ ನಿಯಮದಲ್ಲಿ ಅವಕಾಶ ಇದೆ, ಎದುರಾಳಿ ಎಚ್ಚರವಾಗಿರಬೇಕಿತ್ತು ಎಂದೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಕನ್ನಡಿಯಲ್ಲಿ ಮೀಸೆ ನೋಡಿಕೊಂಡರು. ‘ತೊಡೆಗೆ ಹೊಡೆಸ್ಕಂಡೋನು ನಾನು, ನನ್ನ ಕೇಳು. ಭೀಮ ಹೊಡ್ದಾಗ ಬಲರಾಮನೂ ಹಿಂಗೇ ಎದ್ದು ಹೋದ. ನ್ಯಾಯ ಅವನ ಕಡೀಕೇ ಇತ್ತು. ಆದ್ರೆ ಹೋದೋನು ಕತೆಯಿಂದಾನೇ ಹೋದ.’

ಆ ಪಂದ್ಯದ ಬಗ್ಗೆ ಮುಂದೆ ಓದಿದ ಯಾವ ವಿಶ್ಲೇಷಣೆಯೂ ನನಗೆ ಇದಕ್ಕಿಂತ ಹೆಚ್ಚು ಹೇಳಲಿಲ್ಲ. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ 10 ಪಂದ್ಯಗಳ ನಿಷೇಧ. ನಿಯಮದ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ನನ್ನನ್ನು ಕಾಡಿದ್ದು ಬೇರೆ. ಇದೇ ಗೋಲನ್ನು ಕೇರಳದವರು ನಮ್ಮ ಮೇಲೆ ಹೊಡೆದಿದ್ದರೆ ನಾನು ಅದನ್ನು ಏನೆಂದು ಕರೆಯುತ್ತಿದ್ದೆ? ಉತ್ತರ ನನಗೆ ಗೊತ್ತಿತ್ತು. ಪುಸ್ತಕಗಳ ಬಗ್ಗೆ ಬರೆಯುವಾಗ ನಿಷ್ಪಕ್ಷಪಾತವಾಗಿ ಓದುತ್ತೇನೆ ಎಂದುಕೊಂಡಿರುವ ನನಗೆ, ಒಂದು ಇಡೀ ಋತುವನ್ನು ಕೆಟ್ಟ ಓದುಗನಾಗಿ ಕಳೆದಿದ್ದೇನೆ ಎಂಬುದು ಟ್ರಂಕಿನ ಮೇಲೆ ಕೂತಿದ್ದಾಗ ಹೊಳೆಯಿತು.

ತೀ.ನಂ. ಶ್ರೀಕಂಠಯ್ಯನವರು ನಮ್ಮ ಜಿಲ್ಲೆಯವರು, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. 1953ರಲ್ಲಿ ಬಂದ ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕನ್ನಡ ಎಂ.ಎ. ಮಾಡಿದವರೆಲ್ಲ ಪರೀಕ್ಷೆಗಾದರೂ ಓದಿರುತ್ತಾರೆ. ಸಾಧಾರಣೀಕರಣ ಎಂಬ ಮಾತು ನಮಗೆಲ್ಲ ಅಲ್ಲಿಂದಲೇ ಬಂದದ್ದು. ನಾಟಕ ನೋಡುವವನಿಗೆ ರಸ ಸಿಗಬೇಕಾದರೆ ‘ಇದು ನನ್ನದು, ಇದು ಶತ್ರುವಿನದು’ ಎಂಬ ಸಂಬಂಧ ಕರಗಬೇಕು. ನನ್ನ ಸ್ವಂತ ಸುಖದುಃಖದಲ್ಲೇ ಮುಳುಗಿ ನೋಡಿದರೆ ಅದು ರಸಕ್ಕೆ ವಿಘ್ನ ಎಂದು ಅಭಿನವಗುಪ್ತ ಹೇಳುತ್ತಾನೆ. ಈ ಲೆಕ್ಕದಲ್ಲಿ ಫುಟ್‌ಬಾಲ್ ಅಭಿಮಾನಿ ವಿಘ್ನದ ಮೂರ್ತರೂಪ. ಅವನು ನೋಡುವುದೇ ‘ನಮ್ಮದು’ ಎಂಬ ಕಾರಣಕ್ಕೆ. ಆ ಸಂಬಂಧವನ್ನು ತೆಗೆದುಹಾಕಿದರೆ ಐಎಸ್‌ಎಲ್ ಪಂದ್ಯಗಳಲ್ಲಿ ಅರ್ಧಕ್ಕರ್ಧ ನೋಡಿಸಿಕೊಳ್ಳುವುದಿಲ್ಲ ಎನ್ನುವುದನ್ನೂ ಒಪ್ಪಿಕೊಳ್ಳಬೇಕು.

ಹಾಗಾದರೆ ಅವನಿಗೆ ಸಿಗುವುದು ಏನು? ಇದಕ್ಕೆ ಪುಸ್ತಕದಿಂದ ಉತ್ತರ ಹುಡುಕುವ ಮೊದಲು ಆ ಋತುವನ್ನೇ ಸ್ವಲ್ಪ ಹೇಳುತ್ತೇನೆ.

2022–23ರ ಋತು ನನ್ನ ಮಟ್ಟಿಗೆ ಆಗಸ್ಟಿನಲ್ಲೇ, ಡ್ಯುರಾಂಡ್ ಕಪ್‌ನೊಂದಿಗೆ ಶುರುವಾಯಿತು. ಆ ವರ್ಷ ನಮ್ಮ ಕಡೆ ಜೋರು ಮಳೆ. ಕೆರೆಗಳು ಕೋಡಿ ಬಿದ್ದಿದ್ದವು, ಜಯಮಂಗಲಿ ಹರಿಯುವುದನ್ನು ನೋಡಲು ಜನ ಗಾಡಿ ನಿಲ್ಲಿಸುತ್ತಿದ್ದರು. ಸೆಪ್ಟೆಂಬರ್ 18ರಂದು ಕೊಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಬೆಂಗಳೂರು ಮೊದಲ ಬಾರಿಗೆ ಡ್ಯುರಾಂಡ್ ಗೆದ್ದಿತು. ಕೋವಿಡ್‌ನಿಂದಾಗಿ ಎರಡು ಋತು ಗೋವಾದ ಖಾಲಿ ಸ್ಟೇಡಿಯಮ್ಮುಗಳಲ್ಲೇ ನಡೆದಿದ್ದ ಲೀಗ್ ಆ ಅಕ್ಟೋಬರಿನಲ್ಲಿ ಊರಿಗೆ ಮರಳಿತು. ಅಕ್ಟೋಬರ್ 8ಕ್ಕೆ ಕಂಠೀರವದಲ್ಲಿ ಮೊದಲ ಪಂದ್ಯ, ನಾರ್ತ್ ಈಸ್ಟ್ ಯುನೈಟೆಡ್ ಮೇಲೆ 1–0 ಗೆಲುವು. ಮಧುಗಿರಿಯಿಂದ ನಾನು, ಕೊರಟಗೆರೆಯಲ್ಲಿ ಬಸ್ಸು ಹತ್ತುವ ಒಬ್ಬ, ಶಿರಾದಿಂದ ಹೆದ್ದಾರಿ ಬಸ್ಸಿನಲ್ಲಿ ನೇರ ಬರುವ ಇನ್ನೊಬ್ಬ, ಮನೆಯಲ್ಲಿ ತೆಲುಗು ಮಾತಾಡುವ ಪಾವಗಡದ ಒಬ್ಬ ಹುಡುಗ. ಇಷ್ಟೇ ನಮ್ಮ ಬಳಗ. ನಾಲ್ಕು ತಾಲ್ಲೂಕಿಗೆ ನಾಲ್ಕು ಜನ. ನಮ್ಮ ಊರುಗಳ ಮೈದಾನದಲ್ಲಿ ಸಂಜೆ ಕ್ರಿಕೆಟ್ ಇದೆ, ವಾಲಿಬಾಲ್ ಇದೆ, ಹಬ್ಬಕ್ಕೆ ಹೊನಲು ಬೆಳಕಿನ ಕಬಡ್ಡಿ ಇದೆ. ಫುಟ್‌ಬಾಲ್ ನಾವು ನೋಡಿ ಕಲಿತದ್ದು, ಆಡಿ ಅಲ್ಲ.

ಡಿಸೆಂಬರ್ ಹೊತ್ತಿಗೆ ಎಲ್ಲ ಕೆಟ್ಟಿತ್ತು. ಮೊದಲ 12 ಪಂದ್ಯಗಳಲ್ಲಿ ಬೆಂಗಳೂರು ಗೆದ್ದದ್ದು 3, ಸೋತದ್ದು 8. ಸಂಜೆ ಏಳೂವರೆಯ ಪಂದ್ಯ ಮುಗಿಸಿಕೊಂಡು ಮೆಜೆಸ್ಟಿಕ್ಕಿಗೆ ಓಡಿ, ದಾಬಸ್‌ಪೇಟೆ ದಾಟುವಾಗ ಚಳಿಗೆ ಕಿಟಕಿ ಮುಚ್ಚಿಕೊಂಡು, ಮಧುಗಿರಿ ಬೆಟ್ಟ ಕತ್ತಲಲ್ಲಿ ಕಪ್ಪಗೆ ಕಾಣುವ ಹೊತ್ತಿಗೆ ಊರು ಮುಟ್ಟಿದರೆ ಮನೆಯಲ್ಲಿ ಯಾರೂ ‘ಗೆದ್ದರಾ?’ ಎಂದು ಕೇಳುತ್ತಿರಲಿಲ್ಲ. ಕೋಚ್ ಸೈಮನ್ ಗ್ರೇಸನ್ ಅವರನ್ನು ಕಿತ್ತುಹಾಕಬೇಕು ಎಂದು ನಾನು ಬಸ್ಸಿನಲ್ಲಿ ಕನಿಷ್ಠ ಮೂರು ಸಲ ಭಾಷಣ ಮಾಡಿದ್ದೇನೆ.

ಜನವರಿಯಿಂದ ಬೆಂಗಳೂರು ಒಂದಾದಮೇಲೊಂದರಂತೆ 8 ಪಂದ್ಯ ಗೆದ್ದಿತು. ಅದರಲ್ಲಿ ಒಂದು, ಅಲ್ಲಿಯವರೆಗೆ ಆ ಲೀಗಿನಲ್ಲಿ ಸೋತೇ ಇರದ ಮುಂಬೈ ಸಿಟಿಯ ಮೇಲೆ. 20 ಪಂದ್ಯಗಳಿಂದ 34 ಅಂಕ, ನಾಲ್ಕನೆಯ ಸ್ಥಾನ. ಫೆಬ್ರವರಿಯಲ್ಲಿ ಅದೇ ಬಸ್ಸಿನಲ್ಲಿ ಅದೇ ನಾನು, ಗ್ರೇಸನ್ ಅವರಿಗೆ ಮೊದಲಿಂದಲೂ ಒಂದು ಯೋಜನೆ ಇತ್ತು ಎಂದು ಹೇಳುತ್ತಿದ್ದೆ. ಶಿವಶಕ್ತಿಯಂಥ ಹೊಸ ಹುಡುಗನನ್ನು ಆಡಿಸಿ, 38ರ ಚೆಟ್ರಿಯನ್ನು ಬೆಂಚಿನ ಮೇಲೆ ಕೂರಿಸಿ ಕೊನೆಯಲ್ಲಿ ಇಳಿಸುವುದು ಎಷ್ಟು ಜಾಣತನ ಎಂದು ವಿವರಿಸುತ್ತಿದ್ದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಥೆಗೆ ಕಾರ್ಯಕಾರಣ ಬೇಕು ಎಂದು ವಿಮರ್ಶಕರು ಹೇಳುತ್ತೇವೆ, ಮೊದಲ ಅಧ್ಯಾಯದಲ್ಲೇ ಕೊನೆಯ ಅಧ್ಯಾಯದ ಬೀಜ ಹುಡುಕುತ್ತೇವೆ. ಆದರೆ ಋತುವಿನೊಳಗೆ ಇರುವವನಿಗೆ ಬೀಜ ಕಾಣುವುದಿಲ್ಲ. ಫೆಬ್ರವರಿಯ ಗೆಲುವು ನವೆಂಬರಿನ ಸೋಲುಗಳನ್ನು ಹಿಂದಕ್ಕೆ ಹೋಗಿ ತಿದ್ದುತ್ತದೆ, ಅವುಗಳಿಗೆ ಇಲ್ಲದ ಅರ್ಥ ಕೊಡುತ್ತದೆ. ಕಾದಂಬರಿಗಳನ್ನು ಕುರಿತ ನನ್ನ ಎಷ್ಟೋ ಮಾತುಗಳು ಹೀಗೆ ಕೊನೆ ಗೊತ್ತಾದಮೇಲೆ ಹೊಳೆದ ಜಾಣತನಗಳೇ ಇರಬಹುದು.

ಅಭಿಮಾನಿಯ ಬದುಕಿನ ಬಗ್ಗೆ ಹೆಚ್ಚಿನವರು ಹೆಸರಿಸುವ ಪುಸ್ತಕ ನಿಕ್ ಹಾರ್ನ್‌ಬಿಯ ‘ಫೀವರ್ ಪಿಚ್’, 1992ರದು. ಆರ್ಸೆನಲ್ ತಂಡದ ಬೆನ್ನು ಹತ್ತಿದ ಒಬ್ಬನ ಕಥೆ. ಪ್ರತಿ ಭಾಗಕ್ಕೂ ಒಂದು ಪಂದ್ಯದ ಹೆಸರು, ತಾರೀಖು. ಅಪ್ಪ ಅಮ್ಮ ಬೇರೆಯಾದದ್ದು, ಕಾಲೇಜು, ಪ್ರೇಮ, ಕೆಲಸ ಎಲ್ಲವೂ ಪಂದ್ಯಗಳ ಪಟ್ಟಿಯ ಕೆಳಗೆ ಬರುತ್ತವೆ. ಅದರ ಪ್ರಾಮಾಣಿಕತೆ ನನಗೆ ಇಷ್ಟ. ತನ್ನ ಅಭಿಮಾನ ಒಂದು ಥರದ ರೋಗ ಎಂದು ಗೊತ್ತಿದ್ದೂ ಅವನು ಅದನ್ನು ದೊಡ್ಡದು ಮಾಡಿ ತೋರಿಸುವುದಿಲ್ಲ. ಆದರೆ ಅವನ ಹಿಂದೆ ಒಂದು ಶತಮಾನ ಹಳೆಯ ಕ್ಲಬ್ಬಿದೆ, ಅಪ್ಪ ಮಗನನ್ನು ಕೈಹಿಡಿದು ಕರೆದುಕೊಂಡು ಹೋಗುವ ಪರಂಪರೆಯಿದೆ. ‘ನಮ್ಮದು’ ಎನ್ನುವುದನ್ನು ಅವನು ಸಾಧಿಸಬೇಕಾಗಿಲ್ಲ. ನನ್ನ ಕ್ಲಬ್ಬು ಹುಟ್ಟಿದ್ದು 2013ರಲ್ಲಿ, ನಾನು ಹುಟ್ಟಿದ ಎಷ್ಟೋ ವರ್ಷದ ಮೇಲೆ. ಹುಟ್ಟಿಸಿದ್ದು ಒಂದು ಉಕ್ಕಿನ ಕಂಪನಿ.

ಆ ರಾತ್ರಿ ಚಿಕ್ಕಪ್ಪ ಇದನ್ನೂ ಬಿಡಲಿಲ್ಲ.

‘ಅಲ್ಲಾ, ಆ ಟೀಮು ಯಾರ್ದು?’

‘ಜಿಂದಾಲ್ ಅವ್ರದು, ಚಿಕ್ಕಪ್ಪ.’

‘ಬಳ್ಳಾರಿ ಜಿಂದಾಲಾ? ಹಂಗಾದ್ರೆ ಅದ್ರಾಗೆ ನಿಂದೇನೈತೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿಗೆ ಹಳೆಯ ಫುಟ್‌ಬಾಲ್ ಇದೆ, ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು ಎಂದು ಏನೋ ಹೇಳಲು ಹೋದೆ. ಅದು ಉತ್ತರ ಅಲ್ಲ ಎಂದು ನನಗೇ ಗೊತ್ತಿತ್ತು. ಅಷ್ಟರಲ್ಲಿ ಗಂಟೆ ಹೊಡೆದರು, ಪ್ರಾರ್ಥನೆ ಶುರುವಾಯಿತು.

ನಾಟಕ ಬೆಳಗಿನ ಜಾವದವರೆಗೆ ನಡೆಯಿತು. ನಮ್ಮ ಕಡೆಯ ಈ ನಾಟಕಗಳನ್ನು ನೋಡದವರಿಗೆ ಒಂದು ಮಾತು: ಇಲ್ಲಿ ಪಾತ್ರಧಾರಿಗೆ ಸಂಬಳವಿಲ್ಲ, ಪಾತ್ರಕ್ಕೆ ಅವನೇ ದುಡ್ಡು ಕಟ್ಟುತ್ತಾನೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಅವನು ಸ್ಟೇಜಿಗೆ ಬಂದ ಕೂಡಲೇ ನೆಂಟರು ಹತ್ತಿ ಹಾರ ಹಾಕುತ್ತಾರೆ, ನೋಟು ಸಿಕ್ಕಿಸುತ್ತಾರೆ, ಫೋಟೊ ಹಿಡಿಸಿಕೊಳ್ಳುತ್ತಾರೆ. ಅಷ್ಟು ಹೊತ್ತು ಕೌರವನ ಸಭೆ ನಿಂತಿರುತ್ತದೆ. ಚಿಕ್ಕಮ್ಮ ನೋಡಿದ್ದು ದುರ್ಯೋಧನನನ್ನಲ್ಲ, ತನ್ನ ಗಂಡ ಪದ್ಯದ ಎತ್ತರದ ಸ್ವರ ಮುಟ್ಟುತ್ತಾನೋ ಇಲ್ಲವೋ ಎಂಬುದನ್ನು. ತೀ.ನಂ.ಶ್ರೀ. ಪುಸ್ತಕದ ಅಳತೆಯಲ್ಲಿ ಇಡೀ ಊರಿಗೆ ಊರೇ ವಿಘ್ನದಲ್ಲಿ ಕೂತಿತ್ತು. ಆದರೂ ಬೆಳಗಿನ ಜಾವ ದುರ್ಯೋಧನ ತೊಡೆ ಮುರಿದು ಬಿದ್ದು ಹಾಡಿದಾಗ ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತದ್ದು ಗಂಡನಿಗೋ, ಕೌರವನಿಗೋ? ಸಂಬಂಧ ಕರಗಿ ರಸ ಬಂತು ಎನ್ನುವುದಕ್ಕಿಂತ, ಸಂಬಂಧದ ದಾರಿಯಲ್ಲೇ ಅವರು ಅಲ್ಲಿಗೆ ಹೋಗಿ ಮುಟ್ಟಿದರು ಎನ್ನುವುದೇ ನನಗೆ ಸರಿ ಕಂಡಿತು. ವಿಘ್ನವೇ ಕೆಲವರಿಗೆ ಬಾಗಿಲು ಇರಬಹುದು. ಅಭಿನವಗುಪ್ತನ ಸಹೃದಯ ಯಾವ ಪಾತ್ರಧಾರಿಯ ನೆಂಟನೂ ಆಗಿರಲಿಲ್ಲ ಅಂತ ಕಾಣುತ್ತದೆ.

ಸಭಿಕರು ‘ಒನ್ಸ್ ಮೋರ್’ ಎಂದು ಕೂಗಿದರು. ಸತ್ತು ಬಿದ್ದಿದ್ದ ದುರ್ಯೋಧನ ಎದ್ದು ಕೈಮುಗಿದು, ಅದೇ ಪದ್ಯವನ್ನು ಇನ್ನೊಂದು ಸಲ ಹಾಡಿ, ಇನ್ನೊಂದು ಸಲ ಬಿದ್ದ.

ಆಟಕ್ಕೂ ನಾಟಕಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಕೌರವ ಸೋಲುತ್ತಾನೆಂದು ಎಲ್ಲರಿಗೂ ಗೊತ್ತು. ಹೇಗೆ ಸೋಲುತ್ತಾನೆ ಎಂದು ನೋಡಲು ಬರುತ್ತಾರೆ, ಹಿಡಿಸಿದರೆ ಮತ್ತೆ ಸೋಲಿಸುತ್ತಾರೆ. ಪಂದ್ಯದಲ್ಲಿ ರೀಪ್ಲೇ ಇದೆ, ಒನ್ಸ್ ಮೋರ್ ಇಲ್ಲ. ರೀಪ್ಲೇ ಹತ್ತು ಕೋನಗಳಿಂದ ಅದೇ ಸಾವನ್ನು ತೋರಿಸುತ್ತದೆ, ಎದ್ದು ಹಾಡಲು ಬಿಡುವುದಿಲ್ಲ.

ಮಾರ್ಚ್ 4ರಂದು, ಅಂದರೆ ಮಾರನೆಯ ದಿನವೇ, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದದ್ದು 1968–69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದಾಗ. 54 ವರ್ಷದ ಮೇಲೆ ಬಂದ ಗೆಲುವು. ನಾನು ಆ ಪಂದ್ಯ ನೋಡಲಿಲ್ಲ. ನಿದ್ದೆಗೆಟ್ಟ ಕಣ್ಣಿನಲ್ಲಿ ದಿನವಿಡೀ ಚೆಟ್ರಿಯ ಫ್ರೀಕಿಕ್ ಬಗ್ಗೆ ಕೇರಳದ ಅಭಿಮಾನಿಗಳೊಂದಿಗೆ ಜಗಳವಾಡುತ್ತಿದ್ದೆ. ಚಿಕ್ಕಪ್ಪನ ಪ್ರಶ್ನೆಗೆ ಕಂಪನಿಯ ಹಂಗಿಲ್ಲದ ಉತ್ತರ ಅಲ್ಲಿತ್ತು, ರಾಜ್ಯದ ಹೆಸರನ್ನೇ ಎದೆಯ ಮೇಲೆ ಹಾಕಿಕೊಂಡ ತಂಡ. ನನ್ನ ಗಮನ ಅಲ್ಲಿಗೆ ಹೋಗಲೇ ಇಲ್ಲ. ಇದಕ್ಕೆ ನಾಚಿಕೆಯಾಗಬೇಕು, ಆಗಿದೆ. ಆದರೆ ಅಭಿಮಾನ ಎನ್ನುವುದು ಯೋಗ್ಯತೆ ನೋಡಿ ಕೊಡುವ ವಸ್ತುವಾಗಿದ್ದರೆ ಬಹುಶಃ ಯಾರಿಗೂ ಸಿಗುತ್ತಿರಲಿಲ್ಲ.

ಮಾರ್ಚ್ 12ರ ಸೆಮಿಫೈನಲಿಗೆ ನಾಲ್ವರೂ ಕಂಠೀರವದಲ್ಲಿದ್ದೆವು. ಮುಂಬೈಯಲ್ಲಿ ಬೆಂಚಿನಿಂದ ಎದ್ದು ಬಂದ ಚೆಟ್ರಿಯ ಗೋಲಿನಿಂದ 1–0 ಗೆದ್ದು ಬಂದಿದ್ದೆವು. ಇಲ್ಲಿ ಮುಂಬೈ 2–1 ಮಾಡಿತು, ಆ ಎರಡನೆಯ ಗೋಲು ಮೆಹ್ತಾಬ್ ಸಿಂಗ್‌ದು. ಒಟ್ಟು 2–2, ಪೆನಾಲ್ಟಿ ಶೂಟೌಟ್. ಎರಡೂ ಕಡೆ ಎಂಟೆಂಟು ಒಳಗೆ. ಪೆವಿಲಿಯನ್ನಿನಲ್ಲಿ ನನ್ನ ಎಡಕ್ಕೆ ಯಾರೋ ಮಲಯಾಳದಲ್ಲಿ ದೇವರನ್ನು ಕರೆಯುತ್ತಿದ್ದರು, ಬಲಕ್ಕೆ ಪಾವಗಡದ ಹುಡುಗ ತೆಲುಗಿನಲ್ಲಿ ಬೈಯುತ್ತಿದ್ದ, ಘೋಷಣೆ ಮಾತ್ರ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಒಂಬತ್ತನೆಯದನ್ನು ಒದೆಯಲು ಬಂದವನು ಅದೇ ಮೆಹ್ತಾಬ್. ಗುರುಪ್ರೀತ್ ತಡೆದ. ಸಂದೇಶ್ ಝಿಂಗನ್ ಹೊಡೆದ, 9–8. ಮೆಹ್ತಾಬ್ ನಿಂತಲ್ಲೇ ನಿಂತಿದ್ದ. ಕುಣಿಯುತ್ತಿದ್ದ ನಾನು ಒಂದು ಕ್ಷಣ ಅವನನ್ನು ನೋಡಿದೆ. ಆ ಒಂದು ಕ್ಷಣಕ್ಕೆ ‘ನಮ್ಮದು, ಅವರದು’ ಎರಡೂ ಇರಲಿಲ್ಲ. ಆಮೇಲೆ ಮತ್ತೆ ಕುಣಿದೆ.

ಮಾರ್ಚ್ 18ರ ಗೋವಾ ಫೈನಲನ್ನು ಫೋನಿನಲ್ಲಿ ನೋಡಿದೆ. ಎಟಿಕೆ ಮೋಹನ್ ಬಾಗಾನ್ ಜೊತೆ 2–2, ಶೂಟೌಟಿನಲ್ಲಿ 4–3ರಿಂದ ಸೋಲು. ಬಾಗಾನ್‌ನ ಎರಡೂ ಗೋಲು ಪೆನಾಲ್ಟಿಯಿಂದ ಬಂದವು. ಎರಡನೆಯದು ಬಾಕ್ಸಿನ ಹೊರಗೆ ಆದ ಫೌಲ್ ಎಂದು ನಾನು ಈಗಲೂ ವಾದಿಸುತ್ತೇನೆ. ಮೇಲೆ ಹೇಳಿದ ಕಾರಣಗಳಿಗಾಗಿ ಓದುಗರು ಈ ವಾದವನ್ನು ನಂಬಬೇಕಾಗಿಲ್ಲ.

ಏಪ್ರಿಲ್ 25ಕ್ಕೆ ಕೋಳಿಕ್ಕೋಡಿನಲ್ಲಿ ಸೂಪರ್ ಕಪ್ ಫೈನಲ್, ಒಡಿಶಾ ಎದುರು 1–2. ಒಂದೇ ಋತುವಿನಲ್ಲಿ ಮೂರು ಫೈನಲ್, ಎರಡು ಸೋಲು. ಮಾರನೆಯ ದಿನ ಚಿಕ್ಕಪ್ಪ ಬೇರೆ ಯಾವುದೋ ಕೆಲಸಕ್ಕೆ ಫೋನ್ ಮಾಡಿದವರು ಕೊನೆಯಲ್ಲಿ ಕೇಳಿದರು:

‘ನಿನ್ ಟೀಮು ಏನಾಯ್ತಲಾ?’

‘ಸೋತ್ವಿ, ಚಿಕ್ಕಪ್ಪ.’

‘ಸೋತ್ರು ಅನ್ನಂಗಿಲ್ಲ, ಸೋತ್ವಿ ಅಂತೀಯ.’

ಹ್ಞೂಂ ಎಂದೆ. ಮುಂದಿನ ವರ್ಷ ದುರ್ಯೋಧನನ ಪಾರ್ಟಿಗೆ ರೇಟು ಜಾಸ್ತಿ ಮಾಡಿದ್ದಾರೆ, ಬಿಟ್ಟರೆ ಪಕ್ಕದೂರಿನವನು ಕಟ್ಟಿಬಿಡುತ್ತಾನೆ ಎಂದು ಅವರು ಬೇರೆ ಮಾತಿಗೆ ಹೋದರು.