‘ಓ’ ಅಕ್ಷರದಡಿಯ ಎರಡು ‘ಸಿ’

1900ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಟಂಕಸಾಲೆ 1,25,90,000 ಬೆಳ್ಳಿ ಡಾಲರುಗಳನ್ನು ಹೊಡೆಯಿತು. ಜಾರ್ಜ್ ಮಾರ್ಗನ್ ವಿನ್ಯಾಸ ಮಾಡಿದ, 26.73 ಗ್ರಾಂ ತೂಗುವ ನಾಣ್ಯ ಅದು. ಹಿಂಬದಿಯಲ್ಲಿ ಹದ್ದಿನ ಕೆಳಗೆ, ಎಲೆಹಾರದ ಗಂಟಿನ ಬುಡದಲ್ಲಿ ‘ಓ’ ಎಂಬ ಸಣ್ಣ ಅಕ್ಷರವಿದ್ದರೆ ನ್ಯೂ ಆರ್ಲಿಯನ್ಸಿನದು ಎಂದು ಅರ್ಥ. ಈ ನಾಣ್ಯಗಳಲ್ಲಿ ಕೆಲವನ್ನು ಭೂತಗನ್ನಡಿ ಹಿಡಿದು ನೋಡಿದರೆ ಆ ‘ಓ’ದ ಎರಡೂ ಮಗ್ಗುಲಲ್ಲಿ ಬಾಗಿದ ಗೆರೆಗಳು ಇಣುಕುತ್ತವೆ. ಅವು ಎರಡು ‘ಸಿ’ಗಳ ಅಳಿದುಳಿದ ಅಂಚು, ಅಂದರೆ ಕಾರ್ಸನ್ ಸಿಟಿಯ ಗುರುತು. ನೆವಾಡಾದ ಆ ಟಂಕಸಾಲೆ 1893ರಲ್ಲೇ ನಾಣ್ಯ ಹೊಡೆಯುವುದನ್ನು ನಿಲ್ಲಿಸಿತ್ತು. ಬಳಸದೆ ಉಳಿದಿದ್ದ ಅಚ್ಚುಗಳನ್ನು ಫಿಲಡೆಲ್ಫಿಯಾಕ್ಕೆ ತರಿಸಿಕೊಂಡರು. ಅಲ್ಲಿ ಹಳೆಯ ಅಕ್ಷರಗಳ ಮೇಲೆಯೇ ‘ಓ’ ಒತ್ತಿ ನ್ಯೂ ಆರ್ಲಿಯನ್ಸಿಗೆ ಕಳಿಸಿದರು. ಒಂದು ಊರಿನ ಮುಚ್ಚಿಹೋದ ಟಂಕಸಾಲೆ ಇನ್ನೊಂದು ಊರಿನ ನಾಣ್ಯದಲ್ಲಿ ಹೀಗೆ ಉಳಿದುಕೊಂಡಿದೆ.

ಇಂಥದೊಂದು ನಾಣ್ಯ ಗ್ರೇಡಿಂಗ್ ಕಂಪನಿಯೊಂದಕ್ಕೆ ಹೋಗಿ ಬಂದಿದೆ ಎಂದುಕೊಳ್ಳಿ. ಅದು ಅಸಲಿಯೆಂದು ಖಾತ್ರಿಯಾಗಿದೆ, ಒಂದರಿಂದ 70ರವರೆಗಿನ ಶೆಲ್ಡನ್ ಮಾಪಕದಲ್ಲಿ ತನ್ನ ಸ್ಥಿತಿಗೆ ಅಂಕ ಪಡೆದಿದೆ, ಗಟ್ಟಿ ಪ್ಲಾಸ್ಟಿಕ್ಕಿನ ಸ್ಲ್ಯಾಬಿನೊಳಗೆ ಕೂತಿದೆ. ಲೇಬಲ್ ಮಾತ್ರ ‘1900-ಓ’ ಎಂದಷ್ಟೇ ಹೇಳುತ್ತದೆ. ಅಡಿಯಲ್ಲಿರುವ ಎರಡು ‘ಸಿ’ಗಳ ಸುದ್ದಿ ಅದರಲ್ಲಿಲ್ಲ. ಮುಂದೊಂದು ದಿನ ಕೊಂಡವರು ಆ ಗುರುತನ್ನು ಕಾಣುತ್ತಾರೆ. ನಾಣ್ಯವನ್ನು ಸ್ಲ್ಯಾಬಿನ ಸಮೇತ ಕಂಪನಿಗೆ ವಾಪಸ್ ಕಳಿಸಿ, ವೆರೈಟಿ, ಅಂದರೆ ಅಚ್ಚಿನ ವ್ಯತ್ಯಾಸದಿಂದ ಬಂದ ಬಗೆಯನ್ನು, ಗುರುತಿಸಲು ಇರುವ ಪ್ರತ್ಯೇಕ ಶುಲ್ಕ ತೆತ್ತು, ಹೊಸ ಲೇಬಲ್ ಬರೆಸಿಕೊಳ್ಳುತ್ತಾರೆ. ನಾಣ್ಯ ಅದೇ, ಬೆಳ್ಳಿ ಅದೇ, ಅಂಕವೂ ಅದೇ, ಹೆಸರೊಂದು ಪೂರ್ತಿಯಾಗುತ್ತದೆ. ಅಮೆರಿಕದ ಸಂಗ್ರಾಹಕರಲ್ಲಿ ನಿತ್ಯದ ಮಾತಾಗಿರುವ ಈ ರೂಢಿಗೆ ನಿಜಕ್ಕೂ ಏನು ಬೆಲೆ ಎಂಬುದು ಇಲ್ಲಿಯ ಪ್ರಶ್ನೆ.

ಮೊದಲಿಗೆ ಅದರ ಪರವಾಗಿ. ಗ್ರೇಡಿಂಗ್ ಕಂಪನಿಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಕೆಲಸ ಶುರುಮಾಡಿದಾಗ ಅವುಗಳ ಗಮನವೆಲ್ಲ ಎರಡು ವಿಷಯಗಳ ಮೇಲಿತ್ತು: ನಾಣ್ಯ ಅಸಲಿಯೋ ನಕಲಿಯೋ, ಅದರ ಸ್ಥಿತಿ ಹೇಗಿದೆ. ಯಾವ ಅಚ್ಚಿನಿಂದ ಬಂತು ಎಂಬ ವಿಚಾರಣೆಯನ್ನು ಸ್ಥಿತಿ ನೋಡುವ ಕಣ್ಣು ಮಾಡುವುದಿಲ್ಲ. ಹೊಳಪು, ಗೀರು, ಸವೆತ ನೋಡುವುದು ಒಂದು ಕೆಲಸ. ಅಕ್ಷರದ ಅಂಚನ್ನು ವೆರೈಟಿ ಪಟ್ಟಿಯ ಚಿತ್ರದೊಂದಿಗೆ ಹೋಲಿಸಿ ನೋಡುವುದು ಬೇರೆಯದೇ ಕೆಲಸ, ಅದಕ್ಕೆ ಬೇರೆ ಸಮಯ, ಬೇರೆ ತಿಳಿವಳಿಕೆ ಬೇಕು. ಅದಕ್ಕೆ ಪ್ರತ್ಯೇಕ ಶುಲ್ಕ ಕೇಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹೆಸರು ದಾಖಲಾದ ನಾಣ್ಯ ಮುಂದಿನ ಕೈಗೆ ಹೋದಾಗ ತನ್ನ ಕಥೆಯನ್ನೂ ಜೊತೆಗೆ ಒಯ್ಯುತ್ತದೆ. ಸಂಗ್ರಾಹಕ ತೀರಿಕೊಂಡ ಮೇಲೆ, ನಾಣ್ಯದ ಗಂಧಗಾಳಿಯಿಲ್ಲದ ಮನೆಯವರು ಡಬ್ಬಿ ತೆರೆದಾಗ, ಆ ಕಥೆ ಹೇಳಲು ಲೇಬಲ್ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಈ ಒಂದು ಕಾರಣಕ್ಕೇ ನಾನು ಈ ರೂಢಿಯನ್ನು ಗೌರವಿಸುತ್ತೇನೆ.

ಆದರೆ ಯಾವುದು ವೆರೈಟಿ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು? ಮಾರ್ಗನ್ ಡಾಲರುಗಳ ಅಚ್ಚುಗಳನ್ನು ಒಂದೊಂದಾಗಿ ಬಿಡಿಸಿ ಸಂಖ್ಯೆ ಕೊಟ್ಟವರು ಲೆರಾಯ್ ವ್ಯಾನ್ ಆಲನ್ ಮತ್ತು ಜಾರ್ಜ್ ಮ್ಯಾಲಿಸ್; ಅವರ ಅಡ್ಡಹೆಸರುಗಳ ಮೊದಲ ಅಕ್ಷರ ಸೇರಿ ‘ವ್ಯಾಮ್’ ಸಂಖ್ಯೆಯಾಯಿತು. ಉಳಿದ ಅಮೆರಿಕನ್ ನಾಣ್ಯಗಳಿಗೆ ಬಿಲ್ ಫಿವಾಜ್ ಮತ್ತು ಜೆ.ಟಿ. ಸ್ಟ್ಯಾಂಟನ್ ಸೇರಿ ಅಂಥದೇ ಕೈಪಿಡಿ ಬರೆದರು. ವೆರೈಟಿಗಳ ಈ ತಿಳಿವಳಿಕೆಯನ್ನು ಕಟ್ಟಿದ್ದು ಇಂಥ ಆಸಕ್ತರ ಕಣ್ಣುಗಳು. ಕಂಪನಿಗಳು ಆ ಪಟ್ಟಿಗಳಿಂದ ತಮಗೆ ಬೇಕಾದಷ್ಟನ್ನು ಆಯ್ದು ಮನ್ನಣೆ ಕೊಡುತ್ತವೆ. ಪಟ್ಟಿಯಲ್ಲಿ ಸಾವಿರಾರು ವ್ಯಾಮ್‌ಗಳಿದ್ದರೂ ಎಲ್ಲವೂ ಲೇಬಲ್ ಏರುವುದಿಲ್ಲ. ‘ಅಧಿಕೃತ’ ಎಂಬ ಮಾತಿನ ಹಿಂದೆ ಇರುವುದು ಇಷ್ಟೇ, ಯಾರೋ ಕಂಡದ್ದರಲ್ಲಿ ಇನ್ಯಾರೋ ಆರಿಸಿಕೊಂಡದ್ದು. ಮನ್ನಣೆ ಸಿಗಲಿಲ್ಲವೆಂದು ನಾಣ್ಯದ ಮೇಲಿನ ಗುರುತು ಸುಳ್ಳಾಗುವುದಿಲ್ಲ. ಇದನ್ನು ಹೊಸದಾಗಿ ಸಂಗ್ರಹ ಶುರುಮಾಡಿದವರಿಗೆ ಯಾರೂ ಸಾಕಷ್ಟು ಬಿಡಿಸಿ ಹೇಳುತ್ತಿಲ್ಲ.

ನನ್ನ ದೊಡ್ಡ ತಕರಾರು ಎಣಿಕೆಯ ಬಗ್ಗೆ. ಯಾವ ನಾಣ್ಯವನ್ನು ಯಾವ ಅಂಕದಲ್ಲಿ ಎಷ್ಟು ಸಲ ಸ್ಲ್ಯಾಬ್ ಮಾಡಿದ್ದೇವೆ ಎಂಬ ಲೆಕ್ಕವನ್ನು ಕಂಪನಿಗಳು ಪ್ರಕಟಿಸುತ್ತವೆ. ಅದನ್ನು ನೋಡಿಯೇ ಜನ ಅಪರೂಪವನ್ನು ಅಳೆಯುತ್ತಾರೆ, ಹಣ ಹಾಕುತ್ತಾರೆ. ವೆರೈಟಿಗಳ ವಿಷಯದಲ್ಲಿ ಈ ಲೆಕ್ಕ ದಾರಿ ತಪ್ಪಿಸುತ್ತದೆ. ಕೇಳಿ ಶುಲ್ಕ ಕೊಟ್ಟವರ ನಾಣ್ಯಗಳಷ್ಟೇ ಆ ಹೆಸರಿನಡಿ ಸೇರುತ್ತವೆ. ಕೇಳದವರ ನಾಣ್ಯಗಳು ‘1900-ಓ’ ಎಂಬ ಸಾಮಾನ್ಯ ಗುಂಪಿನಲ್ಲಿ ಬೆರೆತು ಹೋಗಿರುತ್ತವೆ. ಹಾಗಾಗಿ ಆ ಅಂಕಿ ಎಷ್ಟು ನಾಣ್ಯಗಳಿವೆ ಎಂಬುದಕ್ಕಿಂತ ಎಷ್ಟು ಜನ ಗಮನಿಸಿದ್ದಾರೆ ಎಂಬುದನ್ನು ಹೇಳುತ್ತದೆ. ಇದರ ಮೇಲೆ ಇನ್ನೊಂದು ತೊಡಕು: ಯಾರಾದರೂ ಸ್ಲ್ಯಾಬ್ ಒಡೆದು ಬರೀ ನಾಣ್ಯವನ್ನು ಕಳಿಸಿ, ಹಳೆಯ ಲೇಬಲನ್ನು ಹಿಂದಿರುಗಿಸದೇ ಹೋದರೆ, ಒಂದೇ ನಾಣ್ಯ ಎರಡು ಹೆಸರಿನಲ್ಲಿ ಎರಡು ಸಲ ಎಣಿಕೆಯಾಗುತ್ತದೆ. ಹೆಸರು ಸರಿಪಡಿಸಲು ಹೊರಟ ಕೆಲಸ ಲೆಕ್ಕವನ್ನು ಕೆಡಿಸುತ್ತದೆ. ಆದ್ದರಿಂದ ಒಡೆಯದೆ, ಸ್ಲ್ಯಾಬಿನಲ್ಲೇ ಕಳಿಸುವುದು ಒಂದೇ ಸರಿಯಾದ ದಾರಿ. ನಾಣ್ಯಕ್ಕೆ ಗೀರು ಬೀಳುವ ಭಯವೂ ಅದರಲ್ಲಿ ಕಡಿಮೆ.

ಹಾಗೆಂದು ಜೋಡಿ ಗೆರೆ ಕಂಡದ್ದೆಲ್ಲ ವೆರೈಟಿಯಾಗುವುದಿಲ್ಲ. 1955ರಲ್ಲಿ ಫಿಲಡೆಲ್ಫಿಯಾದಲ್ಲಿ ಹೊಡೆದ ಒಂದು ಸೆಂಟ್ ನಾಣ್ಯಗಳಲ್ಲಿ ಕೆಲವುಗಳ ಮುಂಬದಿಯ ಇಸವಿ ಮತ್ತು ಅಕ್ಷರಗಳೆಲ್ಲ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಅಚ್ಚು ತಯಾರಿಸುವಾಗ ಮೂಲ ಮುದ್ರೆಯನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು. ಎರಡನೆಯ ಸಲ ಅದು ಚೂರು ತಿರುಗಿ ಕೂತಿತು. ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯವೂ ಆ ತಪ್ಪನ್ನು ಹೊತ್ತಿದೆ. ನಾಣ್ಯ ಹೊಡೆಯುವ ಗಳಿಗೆಯಲ್ಲಿ ಅಚ್ಚು ಸಡಿಲವಾಗಿ ಅದುರಿ, ಅಕ್ಷರದ ಪಕ್ಕ ಚಪ್ಪಟೆಯಾದ ಮೆಟ್ಟಿಲಿನಂಥ ನೆರಳು ಬೀಳುವುದು ಬೇರೆ ಸಂಗತಿ. ಅದು ಯಂತ್ರದ ಅದುರು, ಅಚ್ಚಿನ ಚರಿತ್ರೆಯಲ್ಲಿ ಅದಕ್ಕೆ ಜಾಗವಿಲ್ಲ. ಇವೆರಡರ ವ್ಯತ್ಯಾಸ ತಿಳಿಯದೆ ನಾಣ್ಯ ಕಳಿಸುವವರು ಬಹಳ ಮಂದಿ. ಉಬ್ಬಿನ ಎತ್ತರ ನೋಡಲು ಕಲಿತರೆ ಸಾಕು: ಅಚ್ಚಿನಲ್ಲೇ ಜೋಡಿಯಾದ ಅಕ್ಷರ ದುಂಡಗೆ, ತುಂಬಿಕೊಂಡಂತೆ ಇರುತ್ತದೆ.

ಈ ವಿಚಾರ ಅಮೆರಿಕಕ್ಕೆ ಮುಗಿಯುವುದಿಲ್ಲ. ಬ್ರಿಟಿಷ್ ಇಂಡಿಯಾದ ರೂಪಾಯಿಗಳೂ ಇಂದು ಅದೇ ಕಂಪನಿಗಳ ಸ್ಲ್ಯಾಬಿನಲ್ಲಿ ಬರುತ್ತವೆ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ತೆಗೆದುಕೊಳ್ಳಿ. ಅದೇ ಇಸವಿ ಇಟ್ಟುಕೊಂಡು ಮುಂದಿನ ವರ್ಷಗಳಲ್ಲೂ ರೂಪಾಯಿ ಹೊಡೆಯುತ್ತಲೇ ಹೋದರು; ಯಾವ ವರ್ಷದ್ದೆಂದು ತಿಳಿಯಲು ಮುಂಬಯಿ ಟಂಕಸಾಲೆ ಹಿಂಬದಿಯಲ್ಲಿ ಪುಟ್ಟ ಚುಕ್ಕೆಗಳನ್ನು ಇಟ್ಟಿತು. ಇಲ್ಲಿ ಚುಕ್ಕೆ ಎಣಿಸದವರಿಗೆ ನಾಣ್ಯದ ನಿಜವಾದ ವಯಸ್ಸೇ ಗೊತ್ತಾಗುವುದಿಲ್ಲ. ಚುಕ್ಕೆಯ ವಿವರ ಬಿಟ್ಟು ‘1862’ ಎಂದು ಮಾತ್ರ ಬರೆದ ಲೇಬಲ್ ಇದ್ದರೆ, ಅದನ್ನು ತಿದ್ದಿಸುವುದು ಶೋಕಿಯ ಮಾತಾಗದು, ಚರಿತ್ರೆಯ ಅಗತ್ಯವಾಗುತ್ತದೆ. ಎರಡು ‘ಸಿ’ಗಳ ಡಾಲರಿಗೂ ನಾನು ಇದೇ ಅಳತೆ ಇಡುತ್ತೇನೆ. ಗುರುತು ನಾಣ್ಯದ ಹುಟ್ಟನ್ನು ಹೇಳುತ್ತಿದೆಯೇ? ಹೌದಾದರೆ ಕಳಿಸಿ, ಶುಲ್ಕ ದಂಡವಾಗದು. ಅಚ್ಚಿನ ಒಂದು ಕೂದಲೆಳೆಯ ಬಿರುಕಿಗೆ ಹೆಸರು ಸಿಕ್ಕರೆ ಮಾರುವಾಗ ನಾಲ್ಕು ಕಾಸು ಹೆಚ್ಚು ಬರಬಹುದು ಎಂಬುದಷ್ಟೇ ಲೆಕ್ಕವಾಗಿದ್ದರೆ ಕಳಿಸಬೇಡಿ.

ಕಂಪನಿಗಳಿಗೂ ಒಂದು ಮಾತು ಸಲ್ಲಬೇಕು. ಬರಿಗಣ್ಣಿಗೆ ಕಾಣುವ, ಪ್ರತಿ ಕೈಪಿಡಿಯಲ್ಲೂ ಇರುವ ವೆರೈಟಿಯನ್ನು ಯಾರೂ ಕೇಳದೆಯೇ ಲೇಬಲಿನ ಮೇಲೆ ಬರೆಯಬೇಕು. ದೊಡ್ಡ ವೆರೈಟಿಗಳಲ್ಲಿ ಕೆಲವಕ್ಕೆ ಈಗಾಗಲೇ ಹಾಗೆ ಮಾಡುತ್ತಾರೆ. ಆ ಸಾಲು ಇನ್ನೂ ಉದ್ದವಾಗಬೇಕು. ಪ್ರಕಟಿಸುವ ಎಣಿಕೆಯ ಪಕ್ಕದಲ್ಲಿ, ಇದು ಕೇಳಿದವರ ನಾಣ್ಯಗಳ ಲೆಕ್ಕ ಮಾತ್ರ ಎಂದು ಸ್ಪಷ್ಟವಾಗಿ ಅಚ್ಚು ಹಾಕಬೇಕು.

ಸಂಗ್ರಾಹಕರಲ್ಲಿ ನನ್ನ ವಿನಂತಿ ಇದು. ನಾಣ್ಯವನ್ನು ಕಳಿಸುವ ಮುನ್ನ ಅದರ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ, ಗುರುತು ಎಲ್ಲಿದೆ, ಯಾವ ಪಟ್ಟಿಯ ಯಾವ ಸಂಖ್ಯೆಗೆ ಹೊಂದುತ್ತದೆ ಎಂದು ನಿಮ್ಮ ಪುಸ್ತಕದಲ್ಲಿ ನಿಮ್ಮ ಅಕ್ಷರದಲ್ಲೇ ಬರೆಯಿರಿ, ತಾರೀಕು ಹಾಕಿ. ಮನೆಯ ಮಕ್ಕಳಿಗೆ ಭೂತಗನ್ನಡಿ ಕೊಟ್ಟು ಆ ‘ಓ’ವನ್ನು ತೋರಿಸಿ. ಲಕೋಟೆ ಅಂಟಿಸುವುದು ಅದಾದ ಮೇಲೆ.