ದುಡಿದ ಬಾಲ್ಯ, ಬರೆದ ಬಾಳು: ಗೋರೆಗಾಂವ್ ಪರಿಸರದ ಜೀವನಕಥನಗಳನ್ನು ಕುರಿತು

ಮುಂಬಯಿಯ ಕನ್ನಡ ಬರವಣಿಗೆಯಲ್ಲಿ ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ ಹಾಗೂ ಆತ್ಮಕಥನಗಳ ಪಾಲು ದೊಡ್ಡದು. ಸಂಘ ಸಂಸ್ಥೆಗಳ ಉತ್ಸವಗಳ ಸಂದರ್ಭದಲ್ಲಿ ಪ್ರಕಟವಾಗುವ ಇವು ಪುಸ್ತಕದ ಅಂಗಡಿಯನ್ನು ತಲುಪುವುದು ಅಪರೂಪ. ವಿಮರ್ಶಕರ ಮೇಜನ್ನು ತಲುಪುವುದು ಇನ್ನೂ ಅಪರೂಪ. ಆದರೆ ಕರ್ನಾಟಕದ ಹೊರಗಿದ್ದು ವಲಸಿಗ ಕನ್ನಡಿಗರ ಬದುಕನ್ನು ಅಭ್ಯಸಿಸುವವರಿಗೆ ಇವು ಪ್ರಮುಖ ಆಕರಗಳು. ಇವುಗಳಲ್ಲಿ ಮತ್ತೆ ಮತ್ತೆ ಕಾಣುವ ಕಷ್ಟದ ಬಾಲ್ಯದ ಚಿತ್ರಣವನ್ನು ಹೇಗೆ ಓದಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ.

ಈ ಚರ್ಚೆಗೆ ಮುಂಬಯಿಯ ಪಶ್ಚಿಮ ಉಪನಗರವಾದ ಗೋರೆಗಾಂವ್ ಒಂದು ಸೂಕ್ತ ನೆಲೆ. ಕರಾವಳಿಯಿಂದ ಬಂದವರ ಹೊಟೇಲುಗಳು, ಕರ್ನಾಟಕ ಸಂಘ, ಜಾತಿ ಸಂಘಟನೆಗಳ ಸ್ಥಳೀಯ ಸಮಿತಿಗಳು ಇಲ್ಲಿ ಒಟ್ಟೊಟ್ಟಿಗೆ ಬೆಳೆದಿವೆ. ಬಿಲ್ಲವ ಸಮಾಜದ ಮುಂದಾಳುಗಳು 1978ರಲ್ಲಿ ಆರಂಭಿಸಿದ ಭಾರತ್ ಕೋ-ಆಪರೇಟಿವ್ ಬ್ಯಾಂಕಿನ ಕೇಂದ್ರ ಕಚೇರಿ ಗೋರೆಗಾಂವ್ ಪೂರ್ವದಲ್ಲಿದೆ. ಶೇಂದಿ ಇಳಿಸುವ, ಗೇಣಿಗೆ ಉಳುವ ಮನೆಗಳಿಂದ ಬಂದ ಒಂದು ಸಮುದಾಯ ಮಹಾನಗರದಲ್ಲಿ ಬ್ಯಾಂಕು ಕಟ್ಟಿತೆಂಬುದು ಸಾಮಾನ್ಯ ಸಂಗತಿಯಲ್ಲ. ಅಭಿನಂದನ ಗ್ರಂಥಗಳ ಹೆಮ್ಮೆಗೆ ಆಧಾರವಿದೆ ಎಂಬುದನ್ನು ಮೊದಲು ಒಪ್ಪಬೇಕು.

ಈ ಕಥನಗಳ ಹಂದರ ಬಹುಮಟ್ಟಿಗೆ ಒಂದೇ. ದಕ್ಷಿಣ ಕನ್ನಡದ ಹಳ್ಳಿ, ಬಡ ಸಂಸಾರ, ಅರ್ಧಕ್ಕೆ ನಿಂತ ಶಾಲೆ. ಹನ್ನೆರಡೋ ಹದಿಮೂರೋ ವರ್ಷದ ಹುಡುಗ ಪರಿಚಿತರೊಬ್ಬರ ಜೊತೆಗೆ ಮುಂಬಯಿಗೆ ಬರುತ್ತಾನೆ. ಹೊಟೇಲಿನಲ್ಲಿ ಲೋಟ ತೊಳೆಯುತ್ತಾನೆ, ಮೇಜು ಒರೆಸುತ್ತಾನೆ, ಮಾಣಿಯಾಗುತ್ತಾನೆ, ಬಾಗಿಲು ಹಾಕಿದ ಮೇಲೆ ಅಲ್ಲಿಯೇ ಮಲಗುತ್ತಾನೆ. ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾದ ಹಿಂದೆ ಕುಳಿತುಕೊಳ್ಳುತ್ತಾನೆ. ಕೊಂಕಣ ರೈಲುಮಾರ್ಗ ಪೂರ್ಣವಾದದ್ದು 1998ರಲ್ಲಿ. ಅದಕ್ಕೆ ಹಿಂದಿನ ತಲೆಮಾರಿನ ಹುಡುಗನಿಗೆ ತಾಯಿಯನ್ನು ನೋಡಿ ಬರುವುದು ಸುಲಭದ ಮಾತಾಗಿರಲಿಲ್ಲ. ಆದರೂ ಬಾಲ್ಯಕ್ಕೆ ಇಲ್ಲಿ ದೊರೆಯುವುದು ಒಂದೆರಡು ಪುಟ ಮಾತ್ರ. ಉಳಿದುದೆಲ್ಲ ಏಳಿಗೆಯ ವಿವರ. ಉಳಿಯ ಪೆಟ್ಟು ತಿಂದ ಕಲ್ಲೇ ಮೂರ್ತಿಯಾಗುತ್ತದೆಂಬ ಗಾದೆಯಂಥ ಮಾತು ಈ ಎರಡು ಭಾಗಗಳನ್ನು ಬೆಸೆಯುತ್ತದೆ. ಪೆಟ್ಟಿಗೆ ಒಡೆದುಹೋದ ಕಲ್ಲುಗಳ ಲೆಕ್ಕವನ್ನು ಆ ಮಾತು ಇಡುವುದಿಲ್ಲ.

ನಮ್ಮ ಆಕ್ಷೇಪ ಇರುವುದು ಇಲ್ಲಿ. ಕಷ್ಟವಿತ್ತು ಎಂಬುದು ಒಂದು ಹೇಳಿಕೆ. ಕಷ್ಟದಿಂದಲೇ ಏಳಿಗೆಯಾಯಿತು ಎಂಬುದು ಬೇರೆಯೇ ಹೇಳಿಕೆ. ಮೊದಲನೆಯದಕ್ಕೆ ಬರೆದವರ ಅನುಭವವೇ ಸಾಕ್ಷಿ. ಎರಡನೆಯದಕ್ಕೆ ಸಾಕ್ಷಿ ಬೇಕಾದರೆ ಅದೇ ಮೇಜು ಒರೆಸಿ, ಗಲ್ಲಾ ತಲುಪದೆ ಹೋದವರ ಕಥೆಯೂ ಬೇಕು. ಅವರಿಗೆ ಯಾರೂ ಅಭಿನಂದನ ಗ್ರಂಥ ಅರ್ಪಿಸಿಲ್ಲ.

ವೈದ್ಯಕೀಯ ಅಧ್ಯಯನಗಳೂ ಈ ಎಚ್ಚರವನ್ನು ಬೆಂಬಲಿಸುತ್ತವೆ. ಅಮೆರಿಕದ ಫೆಲಿಟಿ, ಆಂಡ ಮತ್ತು ಸಂಗಡಿಗರು 9,508 ವಯಸ್ಕರನ್ನು ಕುರಿತು 1998ರಲ್ಲಿ ಪ್ರಕಟಿಸಿದ ಅಧ್ಯಯನ, ಬಾಲ್ಯದ ಆಘಾತಗಳ ಸಂಖ್ಯೆ ಏರಿದಂತೆ ಮುಂದೆ ಖಿನ್ನತೆ, ಮದ್ಯವ್ಯಸನ, ಹೃದ್ರೋಗಗಳ ಸಾಧ್ಯತೆಯೂ ಏರುತ್ತದೆಂದು ತೋರಿಸಿತು. ಆ ಅಧ್ಯಯನದ ಏಳು ವರ್ಗಗಳಲ್ಲಿ ದುಡಿಮೆಗಾಗಿ ಮನೆ ಬಿಟ್ಟು ಬರುವುದು ಸೇರಿರಲಿಲ್ಲವಾದ್ದರಿಂದ ಅದನ್ನು ನಮ್ಮ ಸಂದರ್ಭಕ್ಕೆ ಹಾಗೆಯೇ ಅನ್ವಯಿಸಲಾಗದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಎಮ್ಮಿ ವರ್ನರ್ ಅವರ ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದು. ತೀವ್ರ ಸಂಕಷ್ಟದಲ್ಲಿ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸಮರ್ಥ ವಯಸ್ಕರಾದರು. ಅವರಿಗೆ ನೆರವಾದ ಅಂಶಗಳಲ್ಲಿ ಮುಖ್ಯವಾದುದು, ಮನೆಯ ಒಳಗೋ ಹೊರಗೋ ಅವರನ್ನು ಅಕ್ಕರೆಯಿಂದ ಕಂಡ ಒಬ್ಬ ಹಿರಿಯ ಜೀವ.

ಈ ಬೆಳಕಿನಲ್ಲಿ ಜೀವನಕಥನಗಳನ್ನು ಮರಳಿ ಓದಿದರೆ, ನಡುವೆ ಸುಳಿದು ಮರೆಯಾಗುವ ಪಾತ್ರಗಳು ಮುನ್ನೆಲೆಗೆ ಬರುತ್ತವೆ: ಶುಲ್ಕ ಮನ್ನಾ ಮಾಡಿದ ರಾತ್ರಿಶಾಲೆಯ ಮಾಸ್ತರರು, ಶಾಲೆಯ ಹೊತ್ತಿಗೆ ಕೆಲಸದಿಂದ ಬಿಡುತ್ತಿದ್ದ ಧಣಿ, ಊರಿಗೆ ಕಾಗದ ಬರೆದುಕೊಡುತ್ತಿದ್ದ ಹಿರಿಯ ಮಾಣಿ. ಹುಡುಗನನ್ನು ಕಾಪಾಡಿದ್ದು ಕಷ್ಟವಲ್ಲ, ಕಷ್ಟದ ನಡುವೆ ದೊರೆತ ಆಸರೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಮಹತ್ವವನ್ನು ಅಕ್ಷರದ ಲೆಕ್ಕದಲ್ಲಷ್ಟೇ ಅಳೆಯಬಾರದೆನ್ನಲು ಇದೇ ಕಾರಣ.

ಜೀವನಕಥನ ಬಿಟ್ಟ ಜಾಗವನ್ನು ಮುಂಬಯಿಯ ಕನ್ನಡ ಕಥಾಸಾಹಿತ್ಯ ಸ್ವಲ್ಪಮಟ್ಟಿಗೆ ತುಂಬಿದೆ. ಯಶವಂತ ಚಿತ್ತಾಲರ 'ಶಿಕಾರಿ' (1979) ಕಾದಂಬರಿಯ ನಾಗಪ್ಪ ಮೇಲ್ನೋಟಕ್ಕೆ ಗೆದ್ದವನು, ಕಂಪನಿಯ ಉನ್ನತಾಧಿಕಾರಿ. ಕಾರಣ ತಿಳಿಸದೆ ಕೆಲಸದಿಂದ ದೂರವಿಟ್ಟಾಗ ಅವನನ್ನು ಕಾಡುವುದು ಆಫೀಸಿನ ಸಂಚು ಮಾತ್ರವಲ್ಲ, ಹನೇಹಳ್ಳಿಯಿಂದ ಅವನು ಹೊತ್ತು ತಂದ ಹಳೆಯ ಭಯವೂ ಹೌದು. ಅಭಿನಂದನ ಗ್ರಂಥ ಮುಗಿಯುವ ಸ್ಥಾನದಲ್ಲಿ, ಅಂದರೆ ಏಳಿಗೆಯ ತುದಿಯಲ್ಲಿ, ಚಿತ್ತಾಲರ ಕಾದಂಬರಿ ಆರಂಭವಾಗುತ್ತದೆ. ಜಯಂತ ಕಾಯ್ಕಿಣಿಯವರ 'ತೂಫಾನ್ ಮೇಲ್' ಕಥೆಯ ನಾಯಕ ಸಿನಿಮಾದಲ್ಲಿ ಅಪಾಯದ ಸಾಹಸಗಳನ್ನು ಮಾಡುವವನು. ತಾಯಿಯೊಡನೆ ಹಳಿಯ ಬದಿಯಲ್ಲಿ ನಿಂತು, ರೈಲಿನಲ್ಲಿ ಹಾದುಹೋಗುವ ತಂದೆಗಾಗಿ ಕಾದದ್ದು ಅವನ ಬಾಲ್ಯ. ಆ ಬಾಲ್ಯ ಅವನನ್ನು ಮುರಿದಿಲ್ಲ, ಬಿಟ್ಟೂ ಇಲ್ಲ, ಹೆಸರಾಗಿ ಅಂಟಿಕೊಂಡಿದೆ. 1977ರಲ್ಲಿ ಚಿತ್ರನಗರಿ ತಲೆಯೆತ್ತಿದ ಗೋರೆಗಾಂವ್‌ನಲ್ಲಿ ಇಂಥ ಅನಾಮಧೇಯ ದುಡಿಮೆಗಾರರು ನಿತ್ಯದ ನೆರೆಹೊರೆ.

ಆದರೆ ಈ ಇಬ್ಬರೂ ಉತ್ತರ ಕನ್ನಡದಿಂದ ಬಂದ, ರಸಾಯನಶಾಸ್ತ್ರ ಬಲ್ಲ ಉದ್ಯೋಗಸ್ಥರು. ಹೊಟೇಲಿನ ಹುಡುಗನ ಒಳದನಿ ಇವರ ಕೃತಿಗಳಿಂದ ಪೂರ್ತಿ ದೊರೆಯದು. ಜೀವನಕಥನಗಳಲ್ಲೂ ಅದು ಅಡಗಿರುವುದಕ್ಕೆ ಭಾಷೆಯೂ ಒಂದು ಕಾರಣವಿರಬಹುದು. ಈ ಹುಡುಗರಲ್ಲಿ ಹೆಚ್ಚಿನವರ ಮನೆಮಾತು ತುಳು. ಗಿರಾಕಿಯೊಡನೆ ಮರಾಠಿ, ಹಿಂದಿ. ಕನ್ನಡ ಶಾಲೆಯ ಮತ್ತು ಸಭೆಯ ಭಾಷೆ. ಅಪ್ಪೆಯನ್ನು ನೆನೆದು ತುಳುವಿನಲ್ಲಿ ಅತ್ತವನ ಬಾಳು ಸಭೆಯ ಕನ್ನಡದಲ್ಲಿ, ಅನೇಕ ವೇಳೆ ಇನ್ನೊಬ್ಬರ ಲೇಖನಿಯಿಂದ, ದಾಖಲಾಗಿದೆ. ಸಭೆಗೆ ಹೊಂದದ ಮಾತು ಬರಹಕ್ಕೆ ಇಳಿಯದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೊಟೇಲುಗಳಲ್ಲಿ ದುಡಿಸುವುದನ್ನು ಕಾನೂನು ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. 2016ರ ತಿದ್ದುಪಡಿ ನಿಷೇಧವನ್ನು ಇನ್ನಷ್ಟು ವಿಸ್ತರಿಸಿತು. ಕಷ್ಟವೇ ಬೆಳೆಸಿತೆಂಬ ಕಥನವನ್ನು ಪ್ರಶ್ನಿಸದೆ ಒಪ್ಪಿದರೆ, ಇಂಥ ಕಾನೂನು ಅನಗತ್ಯವೆಂಬ ವಾದಕ್ಕೂ ನಾವು ಅರಿಯದೆ ದನಿಗೂಡಿಸಿದಂತಾಗುತ್ತದೆ. ಆದ್ದರಿಂದ ಇದು ಸಾಹಿತ್ಯದ ಒಳಗಷ್ಟೇ ಮುಗಿಯುವ ಪ್ರಶ್ನೆಯಲ್ಲ.

ಆ ತಲೆಮಾರಿನ ಹಲವರು ಇಂದು ಎಪ್ಪತ್ತು, ಎಂಬತ್ತರ ಹರೆಯದಲ್ಲಿದ್ದಾರೆ. ಅವರ ನೆನಪುಗಳನ್ನು ತುಳುವಿನಲ್ಲಿಯೇ, ಸಭೆಯ ಹೊರಗೆ, ಸಾವಧಾನವಾಗಿ ಸಂಗ್ರಹಿಸುವ ಕೆಲಸ ತುರ್ತಾಗಿ ಆಗಬೇಕು. ಧಣಿಗಳಾದವರಷ್ಟೇ ಅಲ್ಲ, ಕೊನೆಯವರೆಗೂ ಮಾಣಿಗಳಾಗಿ ಉಳಿದವರನ್ನೂ, ಊರಿಗೆ ಮರಳಿದವರನ್ನೂ ಕೇಳಬೇಕು. ಎಷ್ಟು ಕಷ್ಟಪಟ್ಟಿರಿ ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿದೆ. ಆಗ ನಿಮ್ಮ ಜೊತೆಗೆ ಯಾರಿದ್ದರು ಎಂದು ಕೇಳಿದರೆ, ಬೇರೊಂದು ಚರಿತ್ರೆ ದೊರೆಯುವ ಸಾಧ್ಯತೆಯಿದೆ.