ಸಾಮಾನು ಸೋವಿ, ಹೊತ್ತು ತುಟ್ಟಿ

ಒಂದರಿಂದ ಮೂರು ವರ್ಷದೊಳಗಿನ ಕೂಸುಗಳಿಗೆ ಮನೆಯ ಸಾಮಾನಿನಿಂದಲೇ ಆಟ ಹೂಡಿಕೊಡುವ ಪದ್ಧತಿ ಈಗ ಮೊಬೈಲಿನ ವಿಡಿಯೋಗಳ ದಾರಿಯಲ್ಲಿ ಎಲ್ಲೆಡೆ ಹರಡಿದೆ. ಅಕ್ಕಿಗೆ ಬಣ್ಣ ಕಲಸಿ ಡಬ್ಬಿ ತುಂಬಾ ಸುರಿದು ಚಮಚ ಕೊಡುವುದು, ಮೈದಾ ಹಿಟ್ಟಿಗೆ ಉಪ್ಪು ಹಾಕಿ ನಾದಿ ಮುದ್ದೆ ಕೊಡುವುದು, ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳನ್ನು ಹಿಸುಕಲು ಬಿಡುವುದು, ಬಾಟಲಿಯಲ್ಲಿ ಕಾಳು ಹಾಕಿ ಗಿಲಕಿ ಮಾಡುವುದು. ಕೂಸು ಮುಟ್ಟಿ, ಮೂಸಿ, ಅಲ್ಲಾಡಿಸಿ ಕಲಿಯುತ್ತದೆ ಎಂಬ ಇದರ ಬುನಾದಿ ಗಟ್ಟಿಯಾಗಿದೆ, ನಾನು ಅದರ ಪರವಾಗಿಯೇ ಇದ್ದೇನೆ. ಆದರೆ ಇದರ ಬೆಲೆ ಕಟ್ಟಬೇಕಾದರೆ ಪಾಳಿಯ ಗಂಟೆಗೆ ಓಡುವ ಮನೆಯಲ್ಲಿಟ್ಟು ನೋಡಬೇಕು.

ಚಿಂಚೋಳಿ ಎಂಐಡಿಸಿಗೆ ದುಡಿಯಲು ಹೋಗುವವರ ಮನೆ ಅಂಥದ್ದು. ಸೊಲ್ಲಾಪುರದಿಂದ ಪುಣೆ ಹೆದ್ದಾರಿ ಹಿಡಿದರೆ ಸಿಗುವ ಈ ಕೈಗಾರಿಕಾ ವಸಾಹತಿನಲ್ಲಿ ಬಟ್ಟೆ, ರಾಸಾಯನಿಕ, ಯಂತ್ರಭಾಗಗಳ ಕಂಪನಿಗಳಿವೆ. ನಗರದ ಇನ್ನೊಂದು ಮಗ್ಗುಲಿಗೆ ಅಕ್ಕಲಕೋಟ ರಸ್ತೆಯ ಎಂಐಡಿಸಿ. ಅಲ್ಲಿ ಟಾವೆಲ್, ಚಾದರಿನ ಮಗ್ಗಗಳು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡದ ಹಳ್ಳಿಗಳಿಂದ ಬಂದು ನಗರದ ಓಣಿಗಳಲ್ಲಿ ಕೋಣೆ ಹಿಡಿದು ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಕೂಸು ಆಯಿಯ, ಅಂದರೆ ಅಜ್ಜಿಯ, ಮಡಿಲಿಗೆ ಬೀಳುತ್ತದೆ. ಆಯಿ ಇಲ್ಲದಿದ್ದರೆ ನೆರೆಮನೆಯೇ ಗತಿ.

ಸಾಮಾನಿನ ಮಟ್ಟಿಗೆ ಈ ಮನೆಗಳು ಬಡವಾಗಿಲ್ಲ. ಸೊಲ್ಲಾಪುರದ ಟಾವೆಲ್ ಒಂದನ್ನೇ ತೆಗೆದುಕೊಳ್ಳಿ. ಅದರ ಮೈತುಂಬ ನೂಲಿನ ಸಣ್ಣ ಕುಣಿಕೆಗಳು, ಅಂಚಿನಲ್ಲಿ ಮಾತ್ರ ಸಪಾಟು ನೇಯ್ಗೆ. ಒಂದೂವರೆ ವರ್ಷದ ಕೂಸಿನ ಬೆರಳು ಕುಣಿಕೆಗಳ ಮೇಲೆ ಓಡಿ ಅಂಚಿಗೆ ಬಂದಾಗ ಗಕ್ಕನೆ ನಿಲ್ಲುತ್ತದೆ, ಮತ್ತೆ ಹಿಂದಕ್ಕೆ ಹೋಗುತ್ತದೆ. ಚಾದರಿನ ಚಿತ್ತಾರ ಕಣ್ಣು ಮುಚ್ಚಿದರೂ ಕೈಗೆ ಹತ್ತುತ್ತದೆ. ಹಳೆಯ ಇಳಕಲ್ ಸೀರೆ, ಧೋತರ, ಪರಕಾರದ ತುಂಡುಗಳನ್ನು ಸೇರಿಸಿ ಆಯಿ ಹೊಲಿದ ಕೌದಿಯ ಮೇಲೆ ಹತ್ತಾರು ಬಗೆಯ ಬಟ್ಟೆ ಒಂದರ ಪಕ್ಕ ಒಂದು ಇರುತ್ತವೆ, ನಡುವೆ ದಪ್ಪ ದಾರದ ಹೊಲಿಗೆಯ ಸಾಲು. ಪೇಟೆಯಲ್ಲಿ ಇದನ್ನೇ ಚೌಕ ಚೌಕವಾಗಿ ಕತ್ತರಿಸಿ ಸ್ಪರ್ಶದ ಪುಸ್ತಕವೆಂದು ಮಾರುತ್ತಾರೆ. ನೂಲು ಮುಗಿದ ಕೋನುಗಳು ಇನ್ನೂ ಒಳ್ಳೆಯವು. ಒಂದರ ಮೇಲೊಂದು ಕೂರುತ್ತವೆ, ಒಂದರೊಳಗೊಂದು ಹೋಗುತ್ತವೆ, ನೆಲದ ಮೇಲೆ ಉರುಳಿಸಿದರೆ ನೇರ ಹೋಗದೆ ದುಂಡಗೆ ತಿರುಗಿ ಬರುತ್ತವೆ. ಚೆಂಡು ಹಾಗೆ ಉರುಳುವುದಿಲ್ಲ ಎಂಬುದನ್ನು ಕೂಸು ತಾನೇ ಕಂಡುಕೊಳ್ಳುತ್ತದೆ. ಬಣ್ಣ ಬಿಡುವ, ಎಣ್ಣೆ ಅಥವಾ ರಾಸಾಯನಿಕದ ವಾಸನೆಯಿರುವ ಕೋನು ಮಾತ್ರ ಬೇಡ. ಕಂಪನಿಯ ಡಬ್ಬಿ, ಡ್ರಮ್ಮುಗಳಂತೂ ಎಷ್ಟು ತೊಳೆದರೂ ಕೂಸಿನ ಹತ್ತಿರ ಬರಬಾರದು.

ರೊಟ್ಟಿಯ ಹೊತ್ತು ಇದಕ್ಕಿಂತಲೂ ಶ್ರೀಮಂತ. ಜೋಳದ ಹಿಟ್ಟಿಗೆ ಬಿಸಿನೀರು ಬಿದ್ದಾಗಿನ ವಾಸನೆ, ನಾದುವಾಗ ಹಿಟ್ಟು ಒರಟಿನಿಂದ ನುಣುಪಿಗೆ ಬರುವುದು, ಬಡಿಯುವ ತಾಳ, ಹಂಚಿನ ಮೇಲೆ ಉಬ್ಬುವ ರೊಟ್ಟಿ. ಒಲೆಯಿಂದ ದೂರ ಕೂರಿಸಿ, ಆರಿದ ಹಿಟ್ಟಿನ ನಿಂಬೆಗಾತ್ರದ ಒಂದು ಉಂಡೆ ಕೊಟ್ಟರೆ ಕೂಸು ತಟ್ಟುತ್ತದೆ, ಹರಿಯುತ್ತದೆ, ಬಾಯಿಗೂ ಇಡುತ್ತದೆ. ವಿಡಿಯೋದ ಮೈದಾ ಮುದ್ದೆಯಲ್ಲಿ ಉಪ್ಪು ಬಹಳ. ಸಣ್ಣ ಕೂಸು ಅದನ್ನು ತಿಂದರೆ ಅಪಾಯ. ಜೋಳದ ಹಿಟ್ಟಿಗೆ ಆ ಭಯವಿಲ್ಲ. ಬಣ್ಣ ಬೇಕಿದ್ದರೆ ಚಿಟಿಕೆ ಅರಿಶಿಣ ಸಾಕು. ಬಣ್ಣದ ಅಕ್ಕಿಯ ಬಗ್ಗೆ ನನ್ನದೊಂದು ತಕರಾರಿದೆ: ಬರದ ಜಿಲ್ಲೆಯಲ್ಲಿ ಸೇರುಗಟ್ಟಲೆ ಕಾಳಿಗೆ ಬಣ್ಣ ಹಾಕಿ ಆಮೇಲೆ ಚೆಲ್ಲುವುದನ್ನು ಕಲಿಕೆಯೆನ್ನಲು ಮನಸ್ಸು ಒಪ್ಪುವುದಿಲ್ಲ. ಬರಗಾಲದಲ್ಲಿ ಸಂತ ದಾಮಾಜಿ ಸರಕಾರಿ ಕಣಜ ತೆರೆದು ಹಂಚಿದನೆಂಬ ಕಥೆ ಇದೇ ಜಿಲ್ಲೆಯ ಮಂಗಳವೇಢೆಯದು. ಆಯಿ ಮೊರದಲ್ಲಿ ಜೋಳ ಹಸನು ಮಾಡುವಾಗ ಪಕ್ಕದಲ್ಲಿ ಕೂತು ಕೈಯಾಡಿಸಿದರೆ ಅದೇ ಅನುಭವ ಸಿಗುತ್ತದೆ, ಕಾಳು ಮತ್ತೆ ಡಬ್ಬಿಗೆ ಹೋಗುತ್ತದೆ.

ಆದರೆ ಕಾಳಿನ ಆಟಕ್ಕೆ ಕಣ್ಣುಕಾವಲು ಬೇಕು. ವಿಡಿಯೋಗಳು ಅತ್ಯಂತ ದುರ್ಬಲವಾಗಿರುವುದು ಇಲ್ಲೇ. ಶೇಂಗಾ ಹಿಂಡಿ ಇಲ್ಲದೆ ಇಲ್ಲಿ ಊಟವಿಲ್ಲ, ಆದ್ದರಿಂದ ಶೇಂಗಾ ಎಲ್ಲ ಮನೆಯಲ್ಲೂ ಕೈಗೆಟಕುವಂತಿರುತ್ತದೆ. ನಮ್ಮ ದೇಶದ ಎಳೆಯ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಬೀಜವೇ ಮುಂದು. ಆ ವಯಸ್ಸಿಗೆ ಅರೆಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ನಕ್ಕಾಗ, ಅತ್ತಾಗ ಬೀಜ ಒಳಗೆ ಜಾರುತ್ತದೆ. ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ, ಅದರ ಎಣ್ಣೆಯಂಶ ಶ್ವಾಸನಾಳವನ್ನು ಕೆರಳಿಸುತ್ತದೆ. ಹುಣಸೆ ಬೀಜ, ಕಡಲೆ, ಗುಂಡಿಗಳದ್ದೂ ಇದೇ ಕಥೆ. ಮೂರು ವರ್ಷ ತುಂಬುವವರೆಗೆ ಒಂದೂಕಾಲು ಇಂಚಿಗಿಂತ ಸಣ್ಣದನ್ನು ಆಟಕ್ಕೆ ಕೊಡಬಾರದು ಎಂಬುದು ನೆನಪಿಡಬಹುದಾದ ಅಳತೆ. ಜೋಳದ ಕಾಳೂ ಅದಕ್ಕಿಂತ ಸಣ್ಣದೇ. ಅದಕ್ಕೇ ಹೇಳಿದ್ದು, ಆಯಿಯ ಮಗ್ಗುಲಲ್ಲಿ ಮಾತ್ರ, ಅವಳ ಕಣ್ಣೆದುರಿಗೆ ಮಾತ್ರ, ಅದೂ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಚಟ ಕಳೆದ ಮೇಲೆ. ನೀರಿನಲ್ಲಿ ಉಬ್ಬುವ ಮಣಿಗಳನ್ನು ಮನೆಗೆ ತರಲೇಬಾರದು. ನುಂಗಿದರೆ ಅವು ಹೊಟ್ಟೆಯೊಳಗೂ ಉಬ್ಬಿ ಕರುಳು ಕಟ್ಟಿಕೊಳ್ಳಬಹುದು. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಮನೆಗಳು ಸಾವಿರಾರು. ತಂಬಾಕಿನ ಮೊರದ ಪಕ್ಕದಲ್ಲೇ ಕೂಸು ಅಂಬೆಗಾಲಿಡುತ್ತಿರುತ್ತದೆ. ಆ ಪುಡಿ ಬಾಯಿಗೆ ಹೋದರೆ ವಿಷ. ಅಲ್ಲಿ ಕೂಸಿಗೆ ಆಟಕ್ಕಿಂತ ಮೊದಲು ಬೇರೆ ಜಾಗ ಬೇಕು.

ನೀರಾಟವೂ ಹಾಗೆಯೇ. ನಳ ಕೆಲವು ದಿನಗಳಿಗೊಮ್ಮೆ ಬರುವ ಊರಿನಲ್ಲಿ ಒಂದು ತೊಟ್ಟಿ ನೀರು ಆಟಕ್ಕೆ ಸಿಗುವುದಿಲ್ಲ. ಗಂಗಾಳದಲ್ಲಿ ಎರಡು ತಂಬಿಗೆ ನೀರು, ಒಂದು ವಾಟಿ, ಒಂದು ಚಹಾ ಸೋಸುವ ಜಾಳಿಗೆ ಇದ್ದರೆ ಸಾಕು; ಆಡಿದ ನೀರು ತುಳಸಿಗೆ. ನೀರು ತುಂಬಿಟ್ಟ ಬಕೀಟು, ಬ್ಯಾರಲ್ಲುಗಳಿಗೆ ಮುಚ್ಚಳ ಬೇಕೇ ಬೇಕು.

ಇಷ್ಟೆಲ್ಲ ಸಾಮಾನಿನ ಮಾತು. ಇದರಿಂದ ಫಲ ಸಿಗುವುದು ಯಾವಾಗ ಎಂಬುದಕ್ಕೆ ಜಮೈಕಾದಲ್ಲಿ ಒಂದು ಉತ್ತರವಿದೆ. 1980ರ ದಶಕದ ಕೊನೆಗೆ ಕಿಂಗ್‌ಸ್ಟನ್‌ನ ಬಡ ಓಣಿಗಳಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬೆಳವಣಿಗೆ ಕುಂಠಿತವಾದ 9ರಿಂದ 24 ತಿಂಗಳ ಮಕ್ಕಳನ್ನು ಆರಿಸಿಕೊಂಡರು. ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಂದು ತಾಸು, ಮನೆಗೆ ಹೋಗಿ ಬಿಸಾಡುವ ಸಾಮಾನಿನಿಂದ ಮಾಡಿದ ಆಟಿಕೆಗಳಿಂದ ತಾಯಿ-ಮಗುವನ್ನು ಆಡಿಸಿದರು. ಇಪ್ಪತ್ತು ವರ್ಷದ ನಂತರ, ಭೇಟಿ ಪಡೆದವರ ಗಳಿಕೆ ಪಡೆಯದವರಿಗಿಂತ ಶೇ. 25ರಷ್ಟು ಹೆಚ್ಚಿತ್ತೆಂದು 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿಯಾಯಿತು. ಒಡಿಶಾದ ಕಟಕ್‌ನ ಕೊಳೆಗೇರಿಗಳಲ್ಲಿ ಇದೇ ಮಾದರಿ ನಡೆದಾಗಲೂ ಮಕ್ಕಳ ಬುದ್ಧಿಯ ಬೆಳವಣಿಗೆ ಸುಧಾರಿಸಿತು. ಎರಡೂ ಕಡೆ ಆಟಿಕೆಗೆ ಹೋದ ಖರ್ಚು ಹೆಚ್ಚೇನಿಲ್ಲ. ವಾರ ತಪ್ಪದೆ ಬರುವ ಒಬ್ಬ ಹೆಂಗಸು, ಅವಳ ಜೊತೆ ಕೂತು ಆಡಲು ಹೊತ್ತಿರುವ ಇನ್ನೊಬ್ಬ ಹೆಂಗಸು, ಇಬ್ಬರ ನಡುವೆ ಕೂಸು. ವಿಡಿಯೋ ಕೊಡುವುದು ಆಟಿಕೆಯ ಪಾಠವನ್ನು ಮಾತ್ರ, ಬರುವ ಹೆಂಗಸನ್ನು ಅದು ಕೊಡಲಾರದು. ಕೆಲವು ಮನೆಗಳಲ್ಲಂತೂ ಆಟದ ವಿಡಿಯೋವನ್ನೇ ಕೂಸಿನ ಮುಂದೆ ಹಿಡಿಯುತ್ತಾರೆ. ಒಂದು ವರ್ಷದ ಕೂಸಿಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಆಡುವಾಗಿನ ಮಾತನ್ನೂ ತೂಗಿ ನೋಡಬೇಕು. ಈ ಓಣಿಗಳಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಒಟ್ಟಿಗೇ ಕಿವಿಗೆ ಬೀಳುತ್ತವೆ. ಮುಂದೆ ಮರಾಠಿ ಶಾಲೆಗೆ ಹೋಗಬೇಕಲ್ಲ ಎಂದು ಕೆಲವು ತಾಯಂದಿರು ಕೂಸಿನ ಜೊತೆ ಬಾರದ ಮರಾಠಿಯಲ್ಲೇ ಆಡುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ "ಬಿಸಿ ಐತಿ, ಮುಟ್ಟಬ್ಯಾಡ", "ಇನ್ನೊಂದ್ ಹಾಕು, ಬಿತ್ತ ನೋಡು" ಎಂಬ ಮಾತು ತಾಯಿಯ ಬಾಯಿಂದ ತಡೆಯಿಲ್ಲದೆ ಬರುವ ಭಾಷೆಯಲ್ಲೇ ಬರಬೇಕು. ತಡವರಿಸಿ ಆಡುವ ನಾಲ್ಕು ಶಬ್ದಕ್ಕಿಂತ ನಿರರ್ಗಳವಾದ ನಲವತ್ತು ಶಬ್ದ ಕೂಸಿಗೆ ಹೆಚ್ಚು ಕೊಡುತ್ತವೆ, ಮರಾಠಿಯನ್ನು ಓಣಿಯೇ ಕಲಿಸುತ್ತದೆ.

ಮಹಾರಾಷ್ಟ್ರಕ್ಕೆ ಇದು ಹೊಸ ವಿಚಾರವೂ ಅಲ್ಲ. ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ ಗ್ರಾಮೀಣ ಬಾಲಶಿಕ್ಷಣ ಕೇಂದ್ರ ತೆರೆದಾಗ, ಮಾಂಟೆಸ್ಸೊರಿಯ ದುಬಾರಿ ಉಪಕರಣಗಳ ಜಾಗದಲ್ಲಿ ಕಪ್ಪೆಚಿಪ್ಪು, ಬೀಜ, ಎಲೆ, ಕಲ್ಲುಗಳನ್ನು ತಂದರು. ಮುಂದೆ ಕೋಸಬಾಡದಲ್ಲಿ ಅನುತಾಯಿ ವಾಘ್ ಅವರೊಂದಿಗೆ ಅದನ್ನು ಆದಿವಾಸಿಗಳ ಅಂಗಳಕ್ಕೇ ಒಯ್ದರು. ಸಾಮಾನಿನ ಜೊತೆಗೆ ಬಾಲಸೇವಿಕೆಯೂ ಅಂಗಳಕ್ಕೆ ಬಂದಳು ಎಂಬುದರಲ್ಲಿ ಆ ಪ್ರಯೋಗದ ಸತ್ವವಿದೆ. 1975ರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ (ಐಸಿಡಿಎಸ್) ಅಂಗನವಾಡಿಗಳು ದೇಶದ ತುಂಬ ಬಂದವು, ಆದರೆ ಅಲ್ಲಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷದ ನಂತರ ಶುರು. ಅದಕ್ಕಿಂತ ಸಣ್ಣ ಕೂಸಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ. ಹುಟ್ಟಿನಿಂದ ಮೂರು ವರ್ಷದವರೆಗೆ ತಿಂಗಳುವಾರು ಆಟಗಳನ್ನು ಹೇಳುವ 'ನವಚೇತನಾ' ಎಂಬ ಚೌಕಟ್ಟನ್ನು ಕೇಂದ್ರ ಸರಕಾರ 2024ರಲ್ಲಿ ತಂದದ್ದು ಸರಿಯಾದ ಹೆಜ್ಜೆ. ಅಕ್ಕಲಕೋಟದ ಹಳ್ಳಿಗಳಲ್ಲಿ ಅದು ಕನ್ನಡದಲ್ಲಿ, ಆಯಿಯ ಕಿವಿಗೆ ತಲುಪಬೇಕು. ದಿನವಿಡೀ ಕೂಸಿನ ಜೊತೆ ಇರುವವಳು ಅವಳೇ, ಮೊಬೈಲು ಮಾತ್ರ ಸೊಸೆಯ ಕೈಯಲ್ಲಿದೆ.

ಆಯಿ ಇಲ್ಲದ ಮನೆಗಳ ಪ್ರಶ್ನೆ ಕಂಪನಿಯ ಗೇಟಿಗೆ ಹೋಗಿ ನಿಲ್ಲುತ್ತದೆ. 50ಕ್ಕಿಂತ ಹೆಚ್ಚು (1976ರಿಂದ 30ಕ್ಕಿಂತ ಹೆಚ್ಚು) ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ನೌಕರರ ಲೆಕ್ಕ ಹಿಡಿಯಿತು, ದಿನಕ್ಕೆ ನಾಲ್ಕು ಸಲ ತಾಯಿ ಅಲ್ಲಿಗೆ ಹೋಗಿಬರಬಹುದೆಂದಿತು. ಸಣ್ಣ ಸಣ್ಣ ಘಟಕಗಳಲ್ಲಿ ಯಾವ ಒಂದೂ ಆ ಲೆಕ್ಕ ಮುಟ್ಟದೇ ಇರಬಹುದು. ಆದರೆ ಹಲವರು ಸೇರಿ ಒಂದೇ ಕೋಣೆ ನಡೆಸಲು ಆ ತಿದ್ದುಪಡಿ ಅವಕಾಶ ಕೊಟ್ಟಿತು. ಸಾಲಾಗಿ ಘಟಕಗಳು ನಿಂತಿರುವ ಕೈಗಾರಿಕಾ ವಸಾಹತಿಗಿಂತ ಅದಕ್ಕೆ ತಕ್ಕ ಜಾಗ ಇನ್ನೊಂದಿಲ್ಲ: ಒಂದು ತಂಪಾದ ಕೋಣೆ, ಕನ್ನಡವನ್ನೂ ಮರಾಠಿಯನ್ನೂ ಆಡಬಲ್ಲ ಇಬ್ಬರು ಹೆಂಗಸರು, ಅವರಿಗೆ ಸರಿಯಾದ ಪಗಾರ.